ಮಂಪರಿನ ಮದ್ದು ಎಷ್ಟು ಕ್ಷೇಮ?

ಕಳೆದ ವರ್ಷ ನಮ್ಮ ಸೋದರಮಾವನವರನ್ನು ಜಠರದ ಪರೀಕ್ಷೆಗಾಗಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗುವ ಪ್ರಸಂಗ ಒದಗಿತು. ಅವರಿಗೆ ವಯಸ್ಸು ಎಪ್ಪತ್ತೊಂದು. ಕೆಲವು ತಿಂಗಳುಗಳಿಂದ ಅನ್ನ ಇಳಿಯುವಾಗ ಎದೆಯಲ್ಲಿ ಅಡ್ಡಗಟ್ಟಿದಂತಾಗುತ್ತಿತ್ತು. ಬಾಯಿಯ ಮೂಲಕ ಕೊಳವೆಯೊಂದನ್ನು ಇಳಿಸಿ ಅನ್ನನಾಳವನ್ನೂ ಜಠರವನ್ನೂ ಒಳಗಿನಿಂದಲೇ ನೋಡುವ ಎಂಡೊಸ್ಕೊಪಿ ಆಗಬೇಕೆಂದು ವೈದ್ಯರು ಹೇಳಿದ್ದರು. ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ ಮಾವನವರು ಕನ್ನಡಕವನ್ನು ಸರಿಪಡಿಸಿಕೊಂಡು, ಅಲ್ಲಿ ಬರೆದಿದ್ದ ಮದ್ದಿನ ಹೆಸರಿನ ಮೇಲೆ ಬೆರಳಿಟ್ಟು, "ನೀನು ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೇನಪ್ಪ? ಈ ಮಂಪರಿನ ಮದ್ದು ನಿರಪಾಯವೋ, ಇದಕ್ಕಿಂತ ಒಳ್ಳೆಯದು ಬೇರೆ ಏನಾದರೂ ಉಂಟೋ?" ಎಂದು ಕೇಳಿದರು. ನಾವು ಭೌತವಿಜ್ಞಾನದ ಅಧ್ಯಾಪಕರು. "ಡಾಕ್ಟರಿಗೆ ಗೊತ್ತಿರುತ್ತದೆ ಮಾವ, ನೀವು ರುಜು ಹಾಕಿ" ಎಂದು ಹೇಳಿ ಪಾರಾದೆವು.

ಪರೀಕ್ಷೆಯೇನೋ ಸುಸೂತ್ರವಾಗಿ ಮುಗಿಯಿತು. ಆದರೆ ಹಿರಿಯರ ಪ್ರಶ್ನೆಗೆ ನಾವು ಉತ್ತರ ಕೊಡದೆ ಜಾರಿಕೊಂಡೆವೆಂಬ ಅಳುಕು ಮನಸ್ಸಿನಲ್ಲಿ ಉಳಿಯಿತು. ಅನಂತರ ಈ ವಿಷಯವನ್ನು ಓದುತ್ತ ಹೋದಂತೆ, ಆ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಭೌತವಿಜ್ಞಾನಕ್ಕೂ ಗಣಿತಕ್ಕೂ ಅಷ್ಟೇ ಸೇರಿದ್ದೆಂದು ನಮಗೆ ತೋರಿತು. ಮದ್ದನ್ನು ಆರಿಸುವುದು ವೈದ್ಯರ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. "ಈ ಮದ್ದು ಆ ಮದ್ದಿಗಿಂತ ಕ್ಷೇಮ" ಎಂಬ ಮಾತಿಗೆ ಏನರ್ಥ, ಅದನ್ನು ಅಳೆಯುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು, ಮಂಪರಾದರೂ ಏಕೆ ಬೇಕು? ಗಂಟಲಿನ ಹಿಂಬದಿಗೆ ಏನು ತಾಗಿದರೂ ಓಕರಿಕೆ ಬರುವುದು ನಮ್ಮ ಇಚ್ಛೆಗೆ ಒಳಪಟ್ಟ ಕ್ರಿಯೆಯಲ್ಲ. 1868ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್ಮೌಲ್ ಎಂಬ ವೈದ್ಯರು ಲೋಹದ ನೇರ ಕೊಳವೆಯಿಂದ ಜೀವಂತ ಮನುಷ್ಯನ ಜಠರವನ್ನು ನೋಡಲು ಹೊರಟಾಗ, ಅವರಿಗೆ ನೆರವಾದವನು ಕತ್ತಿ ನುಂಗುವ ಆಟದವನು. ಅದು ಬೇರೆಯವರಿಂದ ಆಗುವ ಕೆಲಸವಾಗಿರಲಿಲ್ಲ. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನಮ್ಮ ದೇಶದಿಂದ ಹೋಗಿದ್ದ ನರೀಂದರ್ ಸಿಂಗ್ ಕಪಾನಿ ಇವರು, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು ತೋರಿಸಿದರು. 1957ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬೆಸಿಲ್ ಹಿರ್ಷೊವಿಟ್ಸ್ ಅಂಥ ಎಳೆಗಳ ಕೊಳವೆಯನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. ಅಂದಿನಿಂದ ಕೊಳವೆ ಬಳುಕತೊಡಗಿತು. ಗಂಟಲು ಮಾತ್ರ ಹಿಂದೆ ಇದ್ದಂತೆಯೇ ಇದೆ.

ಜಠರದ ಪರೀಕ್ಷೆ ಕೆಲವೇ ನಿಮಿಷಗಳದು. ಗಂಟಲನ್ನು ಮರಗಟ್ಟಿಸುವ ಲಿಗ್ನೊಕೇನ್ ತುಂತುರೊಂದರಿಂದಲೇ ಅದನ್ನು ತಾಳಿಕೊಳ್ಳುವವರು ನಮ್ಮ ದೇಶದಲ್ಲಿ ಬಹಳ ಮಂದಿ ಉಂಟು. ಗುದದ್ವಾರದಿಂದ ದೊಡ್ಡ ಕರುಳಿನ ಉದ್ದಕ್ಕೂ ಸಾಗುವ ಪರೀಕ್ಷೆ ಇನ್ನೂ ದೀರ್ಘ, ನೋವೂ ಹೆಚ್ಚು. ಭಯವನ್ನೂ ನೋವನ್ನೂ ಕಳೆದು, ರೋಗಿಯನ್ನು ಸ್ವಲ್ಪ ಹೊತ್ತು ಮಂಪರಿನಲ್ಲಿರಿಸಲು ನಾಳಕ್ಕೆ ಚುಚ್ಚುವ ಮದ್ದುಗಳನ್ನು ಶಾಮಕಗಳೆನ್ನುತ್ತೇವೆ.

ಮಂಪರು, ನಿದ್ದೆ, ಅರಿವಳಿಕೆ ಇವು ಬೇರೆ ಬೇರೆ ಕೋಣೆಗಳೆಂದು ನಾವು ಭಾವಿಸುವುದು ಸಹಜ. ವಾಸ್ತವದಲ್ಲಿ ಅವು ಒಂದೇ ಇಳಿಜಾರಿನ ಮೇಲಿನ ಸ್ಥಾನಗಳು. ಮೇಲ್ತುದಿಯಲ್ಲಿ ಮನುಷ್ಯ ಶಾಂತನಾಗಿರುತ್ತಾನೆ. ಸ್ವಲ್ಪ ಕೆಳಗೆ ಕಣ್ಣು ಮುಚ್ಚಿರುತ್ತದೆ, ಆದರೆ ಹೆಸರು ಹಿಡಿದು ಕರೆದರೆ ಓಗೊಡುತ್ತಾನೆ. ಇನ್ನೂ ಕೆಳಗೆ ಚಿವುಟಿದರೆ ಮಾತ್ರ ಮಿಸುಕುತ್ತಾನೆ. ತಳದಲ್ಲಿ ಯಾವುದಕ್ಕೂ ಉತ್ತರವಿಲ್ಲ. ಈ ಇಳಿಜಾರಿನಲ್ಲಿ ಮೆಟ್ಟಿಲುಗಳಿಲ್ಲವೆಂಬುದೇ ಅಪಾಯದ ಮೂಲ. ಎಚ್ಚರ ಕುಗ್ಗಿದಂತೆಲ್ಲ ಉಸಿರಾಟವೂ ಕುಗ್ಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ "ಉಸಿರೆಳೆ" ಎಂದು ಆಜ್ಞೆ ಕೊಡುವ ಕೇಂದ್ರ ಮಿದುಳಿನ ಕಾಂಡದಲ್ಲಿದೆ. ಶಾಮಕಗಳು ಆ ಕೇಂದ್ರವನ್ನೂ ಮಂದಗೊಳಿಸುತ್ತವೆ. ಅಲ್ಲದೆ ನಾಲಗೆಯ ಬುಡದ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿಗೆ ಅಡ್ಡ ಬೀಳುವುದೂ ಉಂಟು. ಒಂದು ಶಾಮಕ ಎಷ್ಟು ಕ್ಷೇಮವೆಂದು ಕೇಳುವುದೆಂದರೆ, ಬೇಕಾದ ಸ್ಥಾನಕ್ಕೂ ಉಸಿರು ನಿಲ್ಲುವ ಸ್ಥಾನಕ್ಕೂ ನಡುವೆ ಆ ಮದ್ದು ಎಷ್ಟು ಅಂತರವನ್ನು ಬಿಡುತ್ತದೆ, ಕಾಲು ಜಾರಿದರೆ ಮತ್ತೆ ಮೇಲೆ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳುವುದಾಗಿದೆ.

ಇನ್ನು ಮದ್ದುಗಳ ಕಡೆಗೆ ಬರೋಣ. 1963ರಲ್ಲಿ ಮಾರಾಟಕ್ಕೆ ಬಂದ ಡಯಜಿಪಾಮ್, ಅಂದರೆ ಜನ ವೇಲಿಯಮ್ ಎಂದು ಬಲ್ಲ ಮದ್ದು, ಬಹುಕಾಲ ಈ ಕೆಲಸಕ್ಕೆ ಬಳಕೆಯಾಯಿತು. ಅದರಲ್ಲಿ ಎರಡು ಕೊರತೆಗಳಿದ್ದವು. ಅದು ನೀರಿನಲ್ಲಿ ಕರಗದು. ಕರಗಿಸಲು ಬಳಸಿದ ದ್ರವಗಳಿಂದ ಚುಚ್ಚಿದ ನಾಳ ಉರಿದು ಬಾತುಕೊಳ್ಳುತ್ತಿತ್ತು. ಎರಡನೆಯದಾಗಿ, ಅದರ ಅರ್ಧಾಯು, ಎಂದರೆ ರಕ್ತದಲ್ಲಿರುವ ಮದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಒಂದು ದಿನಕ್ಕೂ ಮೀರಬಹುದು. ಹತ್ತು ನಿಮಿಷದ ಪರೀಕ್ಷೆಗೆ ಮರುದಿನವೂ ದೇಹದಲ್ಲಿ ಉಳಿಯುವ ಮದ್ದು!

ಆದ್ದರಿಂದ ಅದೇ ಕುಟುಂಬದ ಮಿಡಜೋಲಾಮ್ ಬಂದಾಗ ವೈದ್ಯರು ಸಂತೋಷದಿಂದ ಬರಮಾಡಿಕೊಂಡರು. ಇದರ ರಚನೆ ನಿಜಕ್ಕೂ ಸೊಗಸಾದುದು. ಸೀಸೆಯೊಳಗಿನ ಆಮ್ಲದ್ರಾವಣದಲ್ಲಿ ಅಣುವಿನ ಒಂದು ಉಂಗುರ ಬಿಚ್ಚಿಕೊಂಡಿದ್ದು ಅದು ನೀರಿನಲ್ಲಿ ಕರಗುತ್ತದೆ. ರಕ್ತಕ್ಕೆ ಸೇರಿದೊಡನೆ ಆಮ್ಲತೆ ತಗ್ಗಿ ಉಂಗುರ ಮುಚ್ಚಿಕೊಂಡು, ಮೇದಸ್ಸಿನಲ್ಲಿ ಕರಗುವ ಗುಣವನ್ನು ಪಡೆದು ಮಿದುಳಿನೊಳಗೆ ನುಸುಳುತ್ತದೆ. ನಾಳ ಉರಿಯುವುದಿಲ್ಲ. ಅರ್ಧಾಯು ಎರಡು ಮೂರು ಗಂಟೆಗಳಷ್ಟೇ. ಪರೀಕ್ಷೆಯ ಹಿಂಸೆಯ ನೆನಪನ್ನೂ ಅಳಿಸುತ್ತದೆ. ಕಾಗದದ ಮೇಲೆ ನೋಡಿದರೆ ಎಲ್ಲ ವಿಧದಲ್ಲಿಯೂ ಡಯಜಿಪಾಮಿಗಿಂತ ಮೇಲು. ಅಮೆರಿಕದಲ್ಲಿ 1985ರ ಕೊನೆಯಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಬಳಿಕ ಸಾವಿನ ವರದಿಗಳು ಬರತೊಡಗಿದವು. 1990ರ ಹೊತ್ತಿಗೆ, ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ನಡೆಯುವ ಇಂಥ ಸಣ್ಣಪುಟ್ಟ ಪರೀಕ್ಷೆಗಳನ್ನೂ ಒಳಗೊಂಡು, ಈ ಮದ್ದನ್ನು ಕೊಟ್ಟ ಮೇಲೆ ಸಂಭವಿಸಿದ 80ಕ್ಕೂ ಮಿಕ್ಕಿದ ಸಾವುಗಳು ದಾಖಲೆಯಾಗಿದ್ದವು. ಬಹುಪಾಲು ರೋಗಿಗಳಲ್ಲಿ ಮೊದಲು ಕೆಟ್ಟದ್ದು ಉಸಿರಾಟ. ಕ್ಷೇಮವೆಂದು ಸ್ವಾಗತಿಸಿದ ಮದ್ದೇ ಕೊಲೆಗಡುಕವೆಂಬ ಕೂಗೆದ್ದಿತು.

ಏನು ನಡೆದಿತ್ತು? ಒಂದನೆಯದು, ಹೋಲಿಕೆಯ ತಪ್ಪು. ಹೊಸ ಮದ್ದಿನ ತೀಕ್ಷ್ಣತೆ ಹಳೆಯದರ ಎರಡು ಪಟ್ಟಿನೊಳಗೆ ಎಂದು ಮೊದಲು ಎಣಿಸಿದ್ದರು. ಅದು ಅದಕ್ಕಿಂತ ಬಹಳ ಹೆಚ್ಚೆಂದು ಆಮೇಲೆ ತಿಳಿಯಿತು. ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಮದ್ದಿತ್ತು. ಡಯಜಿಪಾಮಿನ ಸೀಸೆಯಲ್ಲಿಯೂ ಅಷ್ಟೇ. ಹಳೆಯ ಮದ್ದಿಗೆ ಒಗ್ಗಿದ ಕೈ ಹೊಸ ಮದ್ದನ್ನು ತುಂಬುವಾಗ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಎರಡನೆಯ ಕಾರಣ ನಮಗೆ ಇನ್ನೂ ಕುತೂಹಲಕರವಾಗಿ ಕಂಡಿತು. ಏಕೆಂದರೆ ಅದು ಅಪ್ಪಟ ಭೌತವಿಜ್ಞಾನ. ಬಚ್ಚಲಿನ ನಲ್ಲಿಗೆ ದೂರದ ಹಂಡೆಯಿಂದ ಬಿಸಿನೀರು ಬರುತ್ತದೆಯೆಂದು ಇಟ್ಟುಕೊಳ್ಳಿ. ನಲ್ಲಿಯನ್ನು ತಿರುಗಿಸಿದೊಡನೆ ಬರುವುದು ಕೊಳವೆಯಲ್ಲಿ ನಿಂತಿದ್ದ ತಣ್ಣೀರು. ಸಾಲದೆಂದು ಇನ್ನಷ್ಟು ತಿರುಗಿಸುತ್ತೇವೆ. ಅರ್ಧ ನಿಮಿಷದ ಮೇಲೆ ಮೈ ಸುಡುವ ನೀರು ಬರುತ್ತದೆ. ತಪ್ಪು ನಲ್ಲಿಯದೂ ಅಲ್ಲ, ಹಂಡೆಯದೂ ಅಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವಣ ವಿಳಂಬವನ್ನು ನಾವು ಗಣಿಸಲಿಲ್ಲ. ರಕ್ತದಲ್ಲಿರುವ ಮದ್ದು ಮಿದುಳಿನೊಂದಿಗೆ ಸಮತೋಲಕ್ಕೆ ಬರಲು ಹಿಡಿಯುವ ಕಾಲವನ್ನು ಮಿದುಳಿನ ವಿದ್ಯುತ್ ಲೇಖನದಿಂದ ಅಳೆಯಬಹುದು. ಆ ಸಮತೋಲದ ಅರ್ಧಕಾಲ ಡಯಜಿಪಾಮಿಗೆ ಸುಮಾರು 1.6 ನಿಮಿಷ, ಮಿಡಜೋಲಾಮಿಗೆ ಸುಮಾರು 4.8 ನಿಮಿಷ ಎಂದು 1990ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಮೂರು ಪಟ್ಟು ವಿಳಂಬ! ಹಳೆಯ ಅಭ್ಯಾಸದಂತೆ ಎರಡು ನಿಮಿಷ ಕಾದು, ರೋಗಿ ಇನ್ನೂ ಎಚ್ಚರವಾಗಿರುವುದನ್ನು ಕಂಡು, ಮತ್ತೊಂದಿಷ್ಟು ಚುಚ್ಚಿದ ವೈದ್ಯರು ಬಚ್ಚಲಿನ ನಲ್ಲಿಯನ್ನು ಎರಡನೆಯ ಸಲ ತಿರುಗಿಸಿದಂತಾಯಿತು. ಮೊದಲು ಕೊಟ್ಟದ್ದೂ ಆಮೇಲೆ ಕೊಟ್ಟದ್ದೂ ಒಟ್ಟಿಗೇ ಮಿದುಳನ್ನು ಮುಟ್ಟಿದವು. ಇಂದು ಸೀಸೆಯ ಜೊತೆಗಿರುವ ಸೂಚನೆಯಲ್ಲಿ, ಮೊದಲ ಸಲ 2.5 ಮಿಲಿಗ್ರಾಮಿಗಿಂತ ಹೆಚ್ಚು ಕೊಡಕೂಡದು, ಅದನ್ನೂ ಎರಡು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ಚುಚ್ಚಬೇಕು, ಅನಂತರ ಮತ್ತೂ ಎರಡು ನಿಮಿಷವಾದರೂ ಕಾಯಬೇಕು, ವೃದ್ಧರಿಗೆ ಇನ್ನೂ ಕಡಿಮೆ ಸಾಕು ಎಂದಿದೆ. ಒಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ತೆಳು ದ್ರಾವಣವೂ ಬಂದಿತು.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು. ಮಂಪರಿನ ಮದ್ದು ನೋವನ್ನು ಕಳೆಯುವುದಿಲ್ಲ. ಆದ್ದರಿಂದ ಅದರ ಜೊತೆಗೆ ಅಫೀಮಿನ ವರ್ಗಕ್ಕೆ ಸೇರಿದ ಪೆಥಿಡಿನ್ ಅಥವಾ ಫೆಂಟನಿಲ್ ಮುಂತಾದ ನೋವುಶಾಮಕವೊಂದನ್ನು ಕೊಡುವ ರೂಢಿ. ಬೈಲಿ ಮತ್ತು ಅವರ ಸಂಗಡಿಗರು 12 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. ಮಿಡಜೋಲಾಮ್ ಒಂದನ್ನೇ ಕೊಟ್ಟಾಗ ಯಾರ ರಕ್ತದಲ್ಲಿಯೂ ಆಮ್ಲಜನಕ ಗಮನಾರ್ಹವಾಗಿ ಇಳಿಯಲಿಲ್ಲ. ಫೆಂಟನಿಲ್ ಒಂದನ್ನೇ ಕೊಟ್ಟಾಗ ಆರು ಮಂದಿಯಲ್ಲಿ ಇಳಿಯಿತು. ಎರಡನ್ನೂ ಕೂಡಿಸಿ ಕೊಟ್ಟಾಗ ಹನ್ನೊಂದು ಮಂದಿಯಲ್ಲಿ ಇಳಿಯಿತು. ಆರು ಮಂದಿ ಉಸಿರಾಡುವುದನ್ನೇ ನಿಲ್ಲಿಸಿದರು. ಸೊನ್ನೆಗೆ ಆರನ್ನು ಕೂಡಿಸಿದರೆ ಹನ್ನೊಂದು ಬರುವ ಈ ಲೆಕ್ಕ ನಮ್ಮ ಅಂಕಗಣಿತದಲ್ಲಿಲ್ಲ. ಒಬ್ಬೊಬ್ಬನೇ ಮಲಗಿದರೆ ಇನ್ನೊಬ್ಬ ಕಾಯುತ್ತಿದ್ದ ಮನೆಯಲ್ಲಿ ಇಬ್ಬರು ಕಾವಲುಗಾರರನ್ನೂ ಒಮ್ಮೆಗೇ ಮಲಗಿಸಿದರೆ ಹೀಗಾಗುತ್ತದೆ. ಒಂದೊಂದು ಮದ್ದನ್ನೂ ಪ್ರತ್ಯೇಕವಾಗಿ ತೂಗಿ "ಇದು ಕ್ಷೇಮ, ಅದೂ ಕ್ಷೇಮ" ಎಂದು ಬರೆದ ಪಟ್ಟಿಯಿಂದ, ಎರಡೂ ಕೂಡಿದಾಗ ಏನಾದೀತೆಂದು ತಿಳಿಯುವಂತಿಲ್ಲ.

ಹಾಗಾದರೆ ಮಿಡಜೋಲಾಮ್ ಡಯಜಿಪಾಮಿಗಿಂತ ಅಪಾಯಕರವೇ ಅಲ್ಲವೇ? ಇದನ್ನು ತೀರ್ಮಾನಿಸಲು ಅಮೆರಿಕದ ಎಂಡೊಸ್ಕೊಪಿ ವೈದ್ಯರ ಸಂಘವೂ ಅಲ್ಲಿಯ ಔಷಧ ನಿಯಂತ್ರಣ ಇಲಾಖೆಯೂ ಕೂಡಿ 21,011 ಪರೀಕ್ಷೆಗಳ ದಾಖಲೆಗಳನ್ನು ಕಲೆಹಾಕಿದವು. ಫಲ 1991ರಲ್ಲಿ ಪ್ರಕಟವಾಯಿತು. ಹೃದಯಕ್ಕೋ ಉಸಿರಾಟಕ್ಕೋ ಸಂಬಂಧಪಟ್ಟ ಗಂಭೀರ ತೊಡಕು ಸಾವಿರಕ್ಕೆ 5.4ರಂತೆ, ಸಾವು ಸಾವಿರಕ್ಕೆ 0.3ರಂತೆ ಕಂಡುಬಂದಿತು. ಎರಡು ಮದ್ದುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ! ಅಪಾಯವನ್ನು ಹೆಚ್ಚಿಸಿದ್ದು ಅಫೀಮು ವರ್ಗದ ಮದ್ದನ್ನು ಜೊತೆಗೂಡಿಸಿದ್ದು ಮತ್ತು ತುರ್ತಿನಲ್ಲಿ ಪರೀಕ್ಷೆ ನಡೆಸಿದ್ದು. ಇಂಗ್ಲೆಂಡಿನ ಎರಡು ಪ್ರಾಂತಗಳಲ್ಲಿ 14,149 ಜಠರಪರೀಕ್ಷೆಗಳನ್ನು ಎಣಿಸಿ 1995ರಲ್ಲಿ ಪ್ರಕಟಿಸಿದ ವರದಿಯೂ ಇದೇ ದಿಕ್ಕಿಗೆ ಬೊಟ್ಟುಮಾಡಿತು: ಮದ್ದಿನ ಮೊತ್ತ ಹೆಚ್ಚಾಗಿದ್ದ ಕಡೆ, ರೋಗಿಯ ಮೇಲೆ ನಿಗಾ ಕಡಿಮೆಯಾಗಿದ್ದ ಕಡೆ ಕೇಡು ಹೆಚ್ಚು. ಮದ್ದಿನ ಹೆಸರಿಗಿಂತ ಅದನ್ನು ಕೊಟ್ಟ ರೀತಿಯೇ ಹೆಚ್ಚಿನ ಆರೋಪಿಯೆಂದು ನಮಗೆ ತೋರುತ್ತದೆ.

ಈ ಕುಟುಂಬದ ಮದ್ದುಗಳಿಗೆ ಒಂದು ದೊಡ್ಡ ಅನುಕೂಲವುಂಟು. ಫ್ಲೂಮಜೆನಿಲ್ ಎಂಬ ಪ್ರತಿಮದ್ದನ್ನು ಚುಚ್ಚಿದರೆ ಅವುಗಳ ಪರಿಣಾಮ ಒಂದೆರಡು ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಅಫೀಮು ವರ್ಗಕ್ಕೆ ನಾಲೊಕ್ಸೋನ್ ಹಾಗೆಯೇ ಒದಗುತ್ತದೆ. ಆದರೆ ಫ್ಲೂಮಜೆನಿಲಿನ ಆಯಸ್ಸು ಮಿಡಜೋಲಾಮಿಗಿಂತ ಕಡಿಮೆ. ಎಚ್ಚೆತ್ತ ರೋಗಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಂಪರಿಗೆ ಜಾರಬಹುದಾದ್ದರಿಂದ ಆತನನ್ನು ಕೂಡಲೇ ಮನೆಗೆ ಕಳುಹಿಸುವಂತಿಲ್ಲ.

ಇಂಥ ಪ್ರತಿಮದ್ದು ಇಲ್ಲದ, ಆದರೂ ಇಂದು ಜಗತ್ತಿನ ಅನೇಕ ಕಡೆ ಮೇಲುಗೈ ಪಡೆದಿರುವ ಶಾಮಕ ಪ್ರೊಪೊಫಾಲ್. ಬ್ರಿಟನ್ನಿನ ಐ.ಸಿ.ಐ. ಕಂಪನಿಯಲ್ಲಿ ಪಶುವೈದ್ಯರಾದ ಜಾನ್ ಗ್ಲೆನ್ ಇದನ್ನು 1970ರ ದಶಕದಲ್ಲಿ ರೂಪಿಸಿದರು. ಇದೂ ನೀರಿನಲ್ಲಿ ಕರಗದು. ಮೊದಲು ಬಳಸಿದ ದ್ರಾವಕ ಕೆಲವರಲ್ಲಿ ತೀವ್ರವಾದ ಒಗ್ಗದಿಕೆಯನ್ನು ಉಂಟುಮಾಡಿದ್ದರಿಂದ ಅದನ್ನು ಕೈಬಿಟ್ಟು, ಸೋಯಾ ಎಣ್ಣೆಯ ಸೂಕ್ಷ್ಮ ಹನಿಗಳನ್ನು ಮೊಟ್ಟೆಯ ಲೆಸಿಥಿನ್ನಿನ ನೆರವಿನಿಂದ ನೀರಿನಲ್ಲಿ ತೇಲಿಸಿ, ಹಾಲಿನಂತೆ ಬೆಳ್ಳಗಿರುವ ದ್ರವವನ್ನು ತಯಾರಿಸಿ 1986ರಲ್ಲಿ ಹೊರತಂದರು. ಗ್ಲೆನ್ ಅವರಿಗೆ 2018ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಪ್ರೊಪೊಫಾಲ್ ಒಂದು ನಿಮಿಷದೊಳಗೆ ಮಲಗಿಸುತ್ತದೆ. ನಿಲ್ಲಿಸಿದರೆ ಐದು ಹತ್ತು ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಈ ಮದ್ದು ದೇಹದಿಂದ ಪೂರ್ತಿ ಹೊರಹೋಗಲು ಹಲವು ಗಂಟೆಗಳೇ ಬೇಕು. ಹಾಗಿದ್ದರೂ ರೋಗಿ ಬೇಗನೆ ಏಳುವುದು ಹೇಗೆ? ಒಂದು ಚಿಕ್ಕ ಪಾತ್ರೆಯನ್ನು ಎರಡು ದೊಡ್ಡ ಪಾತ್ರೆಗಳಿಗೆ ಕೊಳವೆಗಳಿಂದ ಜೋಡಿಸಿದ್ದೇವೆಂದು ಭಾವಿಸಿ. ಚಿಕ್ಕದಕ್ಕೆ ಒಮ್ಮೆಲೇ ನೀರು ಸುರಿದರೆ ಅಲ್ಲಿ ಮಟ್ಟ ಥಟ್ಟನೆ ಏರಿ, ಬಳಿಕ ನೀರು ದೊಡ್ಡ ಪಾತ್ರೆಗಳಿಗೆ ಹರಿದು ಬೇಗನೆ ತಗ್ಗುತ್ತದೆ. ಒಟ್ಟು ನೀರು ಅಷ್ಟೇ ಇರುತ್ತದೆ. ರಕ್ತವೂ ಮಿದುಳೂ ಚಿಕ್ಕ ಪಾತ್ರೆ, ಸ್ನಾಯುಗಳೂ ಕೊಬ್ಬೂ ದೊಡ್ಡ ಪಾತ್ರೆಗಳು. ಮದ್ದಿನ ಅರ್ಧಾಯು ಇಷ್ಟು ಗಂಟೆ ಎಂದು ಪುಸ್ತಕದಲ್ಲಿ ಓದಿದ ಮಾತ್ರಕ್ಕೆ, ರೋಗಿ ಎಷ್ಟು ಹೊತ್ತು ಮಂಪರಿನಲ್ಲಿರುತ್ತಾನೆಂದು ಹೇಳಲಾಗದು.

ಬೇಗ ಬರುವ, ಬೇಗ ಹೋಗುವ ಮದ್ದಿನಲ್ಲಿ ವಿಳಂಬದ ತಪ್ಪಿಗೆ ಅವಕಾಶ ಕಡಿಮೆ. ಆದರೆ ಇಳಿಜಾರಿನಲ್ಲಿ ಬೇಗ ಕೆಳಕ್ಕೆ ಒಯ್ಯುವುದೂ ಅದೇ. ಇನ್ನೊಂದಿಷ್ಟು ಹೆಚ್ಚಾದರೆ ಮಂಪರು ಅರಿವಳಿಕೆಯೇ ಆಗಿಬಿಡುತ್ತದೆ. ರಕ್ತದ ಒತ್ತಡವೂ ಕುಸಿಯುತ್ತದೆ. ಆದ್ದರಿಂದ ಇದನ್ನು ಅರಿವಳಿಕೆ ತಜ್ಞರೇ ಕೊಡಬೇಕೆ, ತರಬೇತಿ ಪಡೆದ ಇತರರೂ ಕೊಡಬಹುದೆ ಎಂಬ ವಿವಾದ ಹಲವು ದೇಶಗಳಲ್ಲಿ ನಡೆದಿದೆ. ಅರಿವಳಿಕೆ ತಜ್ಞರಿಲ್ಲದೆ, ಎಂಡೊಸ್ಕೊಪಿ ವೈದ್ಯರ ನಿರ್ದೇಶನದಲ್ಲಿಯೇ ಪ್ರೊಪೊಫಾಲ್ ಕೊಟ್ಟ 6,46,080 ಪ್ರಸಂಗಗಳನ್ನು ಡಗ್ಲಸ್ ರೆಕ್ಸ್ ಮತ್ತು ಸಹೋದ್ಯೋಗಿಗಳು ಅನೇಕ ದೇಶಗಳಿಂದ ಕಲೆಹಾಕಿ 2009ರಲ್ಲಿ ಪ್ರಕಟಿಸಿದರು. ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕಾಗಿ ಬಂದದ್ದು 11 ಮಂದಿಗೆ, ಸತ್ತವರು ನಾಲ್ವರು. ಅದೇ ವರ್ಷ ಗಾಯಕ ಮೈಕೇಲ್ ಜಾಕ್ಸನ್ ಇದೇ ಮದ್ದಿನಿಂದ ತಮ್ಮ ಮನೆಯ ಮಲಗುವ ಕೋಣೆಯಲ್ಲಿ, ತಕ್ಕ ಉಪಕರಣಗಳಿಲ್ಲದೆ, ಸತತ ನಿಗಾ ಇಲ್ಲದೆ ಸತ್ತರು.

ಈಗ ಓದುಗರಲ್ಲಿ ಚುರುಕಾದವರು ಒಂದು ಭಾಗಾಕಾರ ಮಾಡಿಯೇ ಇರುತ್ತಾರೆ. ಹಳೆಯ ಮದ್ದುಗಳಲ್ಲಿ ಸಾವು ಸಾವಿರಕ್ಕೆ 0.3, ಅಂದರೆ ಸುಮಾರು 3,300ಕ್ಕೆ ಒಂದು. ಪ್ರೊಪೊಫಾಲಿನಲ್ಲಿ ಸುಮಾರು 1,61,500ಕ್ಕೆ ಒಂದು. ಹಾಗಾದರೆ ಪ್ರೊಪೊಫಾಲ್ ಸುಮಾರು ಐವತ್ತು ಪಟ್ಟು ಕ್ಷೇಮವಲ್ಲವೇ? ಅಲ್ಲ. ನಾವೂ ಮೊದಲು ಈ ಬಲೆಗೆ ಬಿದ್ದೆವು. ಮೊದಲನೆಯ ಲೆಕ್ಕ ಪಲ್ಸ್ ಆಕ್ಸಿಮೀಟರ್ ಇನ್ನೂ ಎಲ್ಲ ಕಡೆಗೂ ಹರಡಿರದ ಕಾಲದ್ದು. ಎರಡನೆಯದು, ವಿಶೇಷ ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ವರದಿಮಾಡಿದ್ದು. ರೋಗಿಗಳ ವಯಸ್ಸು, ಕಾಯಿಲೆ, ತುರ್ತು ಯಾವುದೂ ಒಂದೇ ಅಲ್ಲ. ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಿದ ಎರಡು ವಸ್ತುಗಳ ತೂಕವನ್ನು ಭಾಗಿಸಿ ಬಂದ ಅಂಕಿಗೆ ಅರ್ಥವಿಲ್ಲ.

ಒಂದೇ ತಕ್ಕಡಿ ಬೇಕಾದರೆ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು ಮದ್ದು ಕೊಟ್ಟು ನೋಡಬೇಕು. ಇಂಥ 12 ಪ್ರಯೋಗಗಳ, ಒಟ್ಟು 1,161 ರೋಗಿಗಳ ಫಲವನ್ನು ಒಟ್ಟುಗೂಡಿಸಿದ ಲೇಖನವೊಂದು 2005ರಲ್ಲಿ ಬಂದಿತು. ಅದರಂತೆ ಪ್ರೊಪೊಫಾಲಿನಿಂದ ಹೃದಯ ಮತ್ತು ಉಸಿರಾಟದ ತೊಡಕುಗಳು ಹಳೆಯ ಮದ್ದುಗಳಿಗಿಂತ ಹೆಚ್ಚಲಿಲ್ಲ. ದೊಡ್ಡ ಕರುಳಿನ ಪರೀಕ್ಷೆಯಲ್ಲಿ ಕಡಿಮೆಯೇ ಇದ್ದವು. ಇದು ನ್ಯಾಯವಾದ ಹೋಲಿಕೆ. ಆದರೆ ಇಲ್ಲಿ ಮತ್ತೊಂದು ತೊಡಕು ಬರುತ್ತದೆ: ತಕ್ಕಡಿ ಸರಿಯಾದದ್ದು, ತೂಗಬೇಕಾದ ವಸ್ತು ಮಾತ್ರ ಅದಕ್ಕೆ ತೀರ ಹಗುರ.

ಒಂದು ಕೇಡಿನ ಸಂಭವನೀಯತೆ ಪ ಎಂದಿರಲಿ. ನ ಮಂದಿಯಲ್ಲಿ ಯಾರಿಗೂ ಅದು ಆಗದಿರುವ ಸಂಭವನೀಯತೆ, 1ರಿಂದ ಪ ಅನ್ನು ಕಳೆದು ಬಂದದ್ದನ್ನು ನ ಸಲ ಗುಣಿಸಿದಷ್ಟು. ಇದು ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆಯಾದರೆ ಅಂಥ ಪ ಅನ್ನು ನಂಬಲಾಗದೆಂದು ತಳ್ಳಿಹಾಕುತ್ತೇವೆಂದು ಒಪ್ಪಿಕೊಳ್ಳೋಣ. ಇಪ್ಪತ್ತರ ಸ್ವಾಭಾವಿಕ ಲಾಗರಿತಮ್ ಸುಮಾರು 3. ಆದ್ದರಿಂದ ಪ ಮತ್ತು ನ ಇವುಗಳ ಗುಣಲಬ್ಧ ಸುಮಾರು 3 ಆಗುವವರೆಗೂ ಸಂಶಯ ಉಳಿದೇ ಇರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮೂರರ ನಿಯಮವೆಂದು ಹೆಸರು. 300 ಮಂದಿಯಲ್ಲಿ ಯಾರೂ ಸಾಯಲಿಲ್ಲವೆಂಬ ವರದಿ, ಸಾವು ನೂರಕ್ಕೆ ಒಂದರಷ್ಟು ಇರಬಹುದೆಂಬ ಶಂಕೆಯನ್ನು ಮಾತ್ರ ಕಳೆಯಬಲ್ಲುದು. ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯೆಂದು ಹೇಳಬೇಕಾದರೆ, ಒಂದೂ ಸಾವಿಲ್ಲದೆ 30,000 ಮಂದಿಯನ್ನು ದಾಟಿರಬೇಕು. 1,161 ಮಂದಿಯ ಪ್ರಯೋಗ ಆಮ್ಲಜನಕದ ಇಳಿತವನ್ನು ಹೋಲಿಸೀತು, ಸಾವನ್ನು ಹೋಲಿಸಲಾರದು. ಪ್ರಯೋಗಗಳು ನ್ಯಾಯವಾದರೂ ಚಿಕ್ಕವು. ದಾಖಲೆಗಳು ದೊಡ್ಡವಾದರೂ ಓರೆಕೋರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದದೆ ಗತ್ಯಂತರವಿಲ್ಲ.

ನಿಗಾ ಎಂಬ ಮಾತು ಹಲವು ಸಲ ಬಂದಿತು. ಅದರ ಉಪಕರಣಗಳು ಎರಡು. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಕಂಡುಹಿಡಿದ ತತ್ತ್ವದ ಮೇಲೆ ನಡೆಯುವ ಪಲ್ಸ್ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಹಳ್ಳಿಯ ಮನೆಗಳಲ್ಲಿಯೂ ನೋಡಿದ್ದೇವೆ. ಬೆರಳಿನ ಮೂಲಕ ಸುಮಾರು 660 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಅವರಕ್ತ ಕಿರಣವನ್ನೂ ಅದು ಹಾಯಿಸುತ್ತದೆ. ಆಮ್ಲಜನಕ ಹೊತ್ತ ಹೀಮೊಗ್ಲೊಬಿನ್ ಒಂದನ್ನು ಹೆಚ್ಚು ಹೀರಿದರೆ, ಹೊರದ ಹೀಮೊಗ್ಲೊಬಿನ್ ಇನ್ನೊಂದನ್ನು ಹೆಚ್ಚು ಹೀರುತ್ತದೆ. ನಾಡಿಯ ಬಡಿತದೊಂದಿಗೆ ಏರಿಳಿಯುವ ಭಾಗವನ್ನಷ್ಟೇ ಆರಿಸಿಕೊಂಡರೆ ಅಪಧಮನಿಯ ರಕ್ತದ ಲೆಕ್ಕ ಸಿಗುತ್ತದೆ.

ಆದರೆ ಮಂಪರಿನ ರೋಗಿಗೆ ಸಾಮಾನ್ಯವಾಗಿ ಮೂಗಿನ ಕೊಳವೆಯಿಂದ ಆಮ್ಲಜನಕ ಕೊಡುತ್ತಿರುತ್ತಾರೆ. ಆಗ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನು ದೊಡ್ಡದಿರುತ್ತದೆ. ಕೊಳವೆಬಾವಿಯ ಮೋಟಾರು ನಿಂತರೂ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ನೀರಿರುವವರೆಗೆ ಅಡುಗೆಮನೆಯ ನಲ್ಲಿ ಹರಿಯುತ್ತಲೇ ಇರುತ್ತದೆ, ಮನೆಯವರಿಗೆ ಮೋಟಾರು ನಿಂತದ್ದು ತಿಳಿಯದು. ಅಂತೆಯೇ ಉಸಿರು ನಿಂತ ಎಷ್ಟೋ ಹೊತ್ತಿನವರೆಗೆ ಬೆರಳಿನ ಯಂತ್ರ 98 ಎಂದೇ ತೋರಿಸುತ್ತಿರಬಹುದು. ಮೋಟಾರನ್ನೇ ನೋಡುವ ಯಂತ್ರ ಕ್ಯಾಪ್ನೋಗ್ರಾಫ್. ಹೊರಬರುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಮಾರು 4.26 ಮೈಕ್ರೊಮೀಟರ್ ಅಲೆಯುದ್ದದ ಅವರಕ್ತ ಕಿರಣವನ್ನು ಬಲವಾಗಿ ಹೀರುತ್ತದೆ. ಪ್ರತಿ ಉಸಿರಿಗೂ ಪರದೆಯ ಮೇಲೆ ಒಂದು ದಿಬ್ಬ ಮೂಡುತ್ತದೆ. ಉಸಿರು ನಿಂತರೆ ಮುಂದಿನ ದಿಬ್ಬ ಮೂಡುವುದಿಲ್ಲ. 2011ರಿಂದ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಮಧ್ಯಮ ಹಾಗೂ ಆಳವಾದ ಮಂಪರಿಗೆ ಇದನ್ನು ತನ್ನ ನಿಯಮಗಳಲ್ಲಿ ಸೇರಿಸಿದೆ. ಯಂತ್ರಗಳು ಎಷ್ಟಿದ್ದರೂ ಅವನ್ನು ನೋಡುವ ಕೆಲಸಕ್ಕೇ ಒಬ್ಬರು ಮೀಸಲಾಗಿರಬೇಕು. ಕೊಳವೆಯನ್ನು ನಡೆಸುವ ವೈದ್ಯರ ಕಣ್ಣು ಕರುಳಿನ ಚಿತ್ರದ ಮೇಲಿರುತ್ತದೆ.

ಈಚೆಗೆ ಬಂದ ಇನ್ನೊಂದು ಮದ್ದನ್ನು ಹೇಳಿ ಮುಗಿಸುತ್ತೇವೆ. ರೆಮಿಮಜೋಲಾಮ್ ಮಿಡಜೋಲಾಮಿನ ಕುಟುಂಬಕ್ಕೇ ಸೇರಿದ್ದು. ಅದರ ಅಣುವಿಗೆ ಬೇಗನೆ ತುಂಡಾಗುವ ಒಂದು ಎಸ್ಟರ್ ಬಾಲವನ್ನು ಜೋಡಿಸಲಾಗಿದೆ. ದೇಹದ ಕಿಣ್ವಗಳು ಅದನ್ನು ಕತ್ತರಿಸಿದೊಡನೆ ಮದ್ದು ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಪ್ರೊಪೊಫಾಲಿನಂತೆ ಬೇಗ ಇಳಿಯಬೇಕು, ಮಿಡಜೋಲಾಮಿನಂತೆ ಫ್ಲೂಮಜೆನಿಲಿಗೆ ಮಣಿಯಬೇಕು ಎಂಬ ಎರಡು ಆಸೆಗಳನ್ನೂ ಒಂದೇ ಅಣುವಿನಲ್ಲಿ ಕೂಡಿಸುವ ಪ್ರಯತ್ನವಿದು. ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು. 461 ರೋಗಿಗಳ ದೊಡ್ಡ ಕರುಳಿನ ಪರೀಕ್ಷೆಯಲ್ಲಿ, ಗೊತ್ತುಪಡಿಸಿದ ಮಿತಿಯೊಳಗೆ ಕೆಲಸ ಮುಗಿಸುವಷ್ಟು ಮಂಪರು ರೆಮಿಮಜೋಲಾಮ್ ಪಡೆದವರಲ್ಲಿ ನೂರಕ್ಕೆ 91 ಮಂದಿಗೆ ಬಂದಿತು. ಮಿಡಜೋಲಾಮ್ ಗುಂಪಿನಲ್ಲಿ ನೂರಕ್ಕೆ 25 ಮಂದಿಗೆ ಮಾತ್ರ. 461ಕ್ಕೆ ಮೂರರ ನಿಯಮವನ್ನು ಅನ್ವಯಿಸಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇವೆ.

ಮಾವನವರು ಮೊನ್ನೆ ಮತ್ತೆ ಬಂದಿದ್ದರು. ಮುಂದಿನ ತಿಂಗಳು ಪುನಃ ಪರೀಕ್ಷೆಯಾಗಬೇಕಂತೆ. ಮದ್ದಿನ ಹೆಸರನ್ನು ಕೇಳುವುದರ ಜೊತೆಗೆ, ಅದರೊಡನೆ ಬೇರೆ ಮದ್ದು ಕೊಡುತ್ತೀರಾ, ನನ್ನ ಉಸಿರನ್ನು ನೋಡುತ್ತ ಕುಳಿತಿರುವವರು ಯಾರು ಎಂದು ಕೇಳಿ ಎಂದು ಈ ಸಲ ಅವರಿಗೆ ಹೇಳಿದೆವು. ಅವರು ಎರಡನ್ನೂ ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡರು.